ಮನೆಗೇ ಬಂದು ಡ್ರಿಪ್ಸ್ ಹಾಕೋರನ್ನ ಕರೆಸ್ಬೋದಾ? ಅಪ್ಪಂಗೆ ವಾಂತಿ ಭೇದಿ, ಆಸ್ಪತ್ರೆ ಬೇಡ ಅಂತ ಹಟ

ಜೆಪಿನಗರ_ವಾಸಿ
ಎಲ್ರಿಗೂ ನಮಸ್ಕಾರ. ಅಪ್ಪಂಗೆ 71, ಬಿಪಿ ಇದೆ ಶುಗರ್ ಇದೆ. ನಿನ್ನೆ ತುಮಕೂರಲ್ಲಿ ನೆಂಟರ ಮದುವೆ ಊಟ ಮುಗಿಸ್ಕೊಂಡು ಬಂದ್ರು, ರಾತ್ರಿಯಿಂದ ವಾಂತಿ ಭೇದಿ ಎರಡೂ ಶುರು, ಈಗ ವಾಂತಿ ಸ್ವಲ್ಪ ಹಿಡಿತಕ್ಕೆ ಬಂದಿದೆ ಆದ್ರೆ ತುಂಬಾ ಸುಸ್ತು, ಸೋಫಾ ಬಿಟ್ಟು ಏಳ್ತಿಲ್ಲ. ಆಸ್ಪತ್ರೆಗೆ ಹೋಗೋಣ ಬನ್ನಿ ಅಂದ್ರೆ "ಹೋದ ತಕ್ಷಣ ಐಸಿಯುಗೆ ಹಾಕಿ ಬಿಲ್ ಎಳೀತಾರೆ, ನಾ ಬರಲ್ಲ" ಅಂತ ಕೂತಿದಾರೆ. ಫೋನಲ್ಲಿ ಹುಡುಕಿದ್ರೆ ಮನೆಗೇ ನರ್ಸ್ ಬಂದು ಡ್ರಿಪ್ಸ್ ಹಾಕಿ ಹೋಗೋ ಸರ್ವೀಸ್ ಇದೆ, ಒಂದು ಗಂಟೆ ಒಳಗೆ ಬರ್ತಾರಂತೆ, ಮಾಮೂಲಿ ಹೈಡ್ರೇಷನ್‌ಗೆ ಎರಡೂವರೆ ಸಾವಿರ, ವಿಟಮಿನ್ ಗಿಟಮಿನ್ ಸೇರಿಸಿದ್ರೆ ಆರು ಸಾವಿರ. ಅಮ್ಮ ಅಂತೂ ಎರಡು ಬಾಟ್ಲು ಗ್ಲೂಕೋಸ್ ಏರಿಸಿಬಿಟ್ರೆ ನಾಳೆ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ ಅಂತ ಒಂದೇ ಸಮ ಹೇಳ್ತಿದಾರೆ. ಯಾರಾದ್ರೂ ಕರೆಸಿದೀರಾ? ಬೇಗ ಹೇಳಿ ಪ್ಲೀಸ್.

ಮದ್ದೂರ್_ವಡೆ
ಕರೆಸ್ಬುಡಿ ಸಾ ಅದಕ್ಕೇನು ಯೋಚ್ನೆ. ನಮ್ಮೂರಲ್ಲಿ ಡಾಕ್ಟ್ರು ಮನೆಗ್ ಬಂದು ಕಿಟ್ಕಿ ಕಂಬಿಗೆ ಬಾಟ್ಲು ನೇತಾಕಿ ಹೋಗೋರು, ನಮ್ ತಾತ ಹಂಗೇ ಬೀಡಿ ಸೇದ್ಕೊಂಡು ಮಲ್ಗಿರೋದು, ಏನೂ ಆಗ್ಲಿಲ್ಲ ಕಣಣ್ಣ. ಈಗ ಆಪಲ್ಲಿ ಬರ್ತಾರೆ, ಅಷ್ಟೇ ವ್ಯತ್ಯಾಸ.

ಸಿಸ್ಟರ್_ನೈಟ್‌ಡ್ಯೂಟಿ
ಸರ್ ಬುಕ್ ಮಾಡೋ ಮುಂಚೆ ನಾಲ್ಕು ವಿಷ್ಯ ಹೇಳಿ. ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿದಾರಾ, ಹೋಗಿದ್ರೆ ಬಣ್ಣ ಹೇಗಿತ್ತು? ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತಾ? ಮಾತು ಸರಿಯಾಗಿ ಆಡ್ತಿದಾರಾ ಇಲ್ಲ ಮಂಪರಲ್ಲಿ ಏನೇನೋ ಅಂತಿದಾರಾ? ಹಾರ್ಟ್ ತೊಂದ್ರೆ ಅಥವಾ ಕಿಡ್ನಿ ತೊಂದ್ರೆ ಇದೆ ಅಂತ ಯಾವತ್ತಾದ್ರೂ ಹೇಳಿದಾರಾ? ಬಿಪಿ ಮೆಷಿನ್ ಮತ್ತೆ ಶುಗರ್ ನೋಡೋ ಮೆಷಿನ್ ಮನೇಲಿದ್ರೆ ಈಗ್ಲೇ ನೋಡಿ ಹಾಕಿ.

ನಾನು ವಾರ್ಡಲ್ಲೂ ಕೆಲಸ ಮಾಡಿದೀನಿ, ಒಂದಷ್ಟು ಕಾಲ ಹೋಮ್‌ಕೇರಲ್ಲೂ ಮಾಡಿದೀನಿ, ಅದಕ್ಕೆ ಕೇಳ್ತಿದೀನಿ.

ಜೆಪಿನಗರ_ವಾಸಿ
ಸಿಸ್ಟರ್, ಬೆಳಿಗ್ಗೆ ಒಂದ್ಸಲ ಹೋದ್ರಂತೆ, ಕಡು ಹಳದಿ. ಮಾತು ಸರಿ ಇದೆ, ನಂಗೇ ಬೈತಿದಾರೆ ಅಷ್ಟು ಸರಿ ಇದೆ. ಬಿಪಿ 108/66, ಅವರಿಗೆ ಮಾಮೂಲಿ 135ರ ಮೇಲೆ ಇರುತ್ತೆ. ಶುಗರ್ 168. ಹಾರ್ಟ್ ಬಗ್ಗೆ ಎರಡು ವರ್ಷದ ಹಿಂದೆ ಎಕೋ ಮಾಡಿಸಿದಾಗ ಪಂಪಿಂಗ್ ಸ್ವಲ್ಪ ಕಮ್ಮಿ ಅಂದಿದ್ರು, ಮಾತ್ರೆ ತಗೋತಿದಾರೆ. ಬಿಪಿ ಮಾತ್ರೆ ಇವತ್ತೂ ನುಂಗಿದಾರೆ.

ಸಿಸ್ಟರ್_ನೈಟ್‌ಡ್ಯೂಟಿ
ಅಲ್ಲೇ ಇರೋದು ನೋಡಿ ವಿಷ್ಯ. ಪಂಪಿಂಗ್ ಕಮ್ಮಿ ಇರೋರಿಗೆ ಡ್ರಿಪ್ಸ್ ಹಾಕ್ಬಾರ್ದು ಅಂತ ಅಲ್ಲ, ಎಷ್ಟು ಸ್ಪೀಡಲ್ಲಿ ಹೋಗ್ಬೇಕು ಅನ್ನೋದೇ ಎಲ್ಲಾ. 500 ಎಂಎಲ್ ಬಾಟ್ಲು ನಾಲ್ಕು ಗಂಟೇಲಿ ಹೋಗ್ಬೇಕು ಅಂದ್ರೆ ಒಂದು ಎಂಎಲ್‌ಗೆ 20 ಹನಿ ಬೀಳೋ ಸೆಟ್ಟಲ್ಲಿ ನಿಮಿಷಕ್ಕೆ ಹತ್ತಿರತ್ತಿರ 42 ಹನಿ. ವಾರ್ಡಲ್ಲಾದ್ರೆ ಹಾಕಿ ಬಿಟ್ಟು ಓಡಾಡ್ಕೊಂಡು ಮಧ್ಯೆ ಬಂದು ನೋಡ್ತೀವಿ. ಮನೆಗೆ ಬಂದ ನರ್ಸ್‌ಗೆ ಮುಂದಿನ ಬುಕ್ಕಿಂಗ್ ಇರುತ್ತೆ, ಅಲ್ಲಿಂದ ಫೋನ್ ಬರ್ತಾ ಇರುತ್ತೆ ಎಲ್ಲಿದೀರಾ ಎಲ್ಲಿದೀರಾ ಅಂತ, ಆಗ ಏನಾಗುತ್ತೆ ಅಂದ್ರೆ ಟ್ಯೂಬ್ ಮೇಲೆ ಚಕ್ರ ಇರುತ್ತಲ್ಲ ಅದನ್ನ ಪೂರ್ತಿ ಬಿಟ್ಬಿಡ್ತಾರೆ, ಮುಕ್ಕಾಲು ಗಂಟೇಲಿ ಬಾಟ್ಲು ಖಾಲಿ. ಇಪ್ಪತ್ತೈದರ ಹುಡುಗಂಗೆ ಅದು ಏನೂ ಅಲ್ಲ. ನಿಮ್ಮಪ್ಪನಂಥೋರಿಗೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಂಡು ರಾತ್ರಿ ಉಸಿರಾಡಕ್ಕಾಗ್ದೆ ಎದ್ದು ಕೂರೋ ಹಾಗಾಗುತ್ತೆ, ಅಷ್ಟೊತ್ತಿಗೆ ನರ್ಸ್ ಮೂರು ಮನೆ ದಾಟಿರ್ತಾರೆ.

ಅವರದ್ದೂ ತಪ್ಪು ಅಂತ ಹೇಳಕ್ಕಾಗಲ್ಲ, ದುಡ್ಡು ಬರೋದು ಮನೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಲ್ಲ.

ರಾಯಚೂರ್_ಬಿಸಿಲು
ನಮ್ಮ ಕಡಿ ಬಂದು ನೋಡ್ರಿ ಒಮ್ಮೆ. ಏಪ್ರಿಲ್ ಮೇ ಬಂತಂದ್ರ 42 ಡಿಗ್ರಿ, ಹೊಲದಾಗ ಕೆಲಸ ಮಾಡಿ ಬಂದವ್ರು ಸೀದಾ ಆರ್‌ಎಂಪಿ, ಅಂದ್ರ ಡಿಗ್ರಿ ಇಲ್ಲದ ಊರ ಡಾಕ್ಟರ್, ಹತ್ರ ಹೋಗಿ ಸಲಾಯಿನ್ ಹಚ್ರಿ ಅಂತಾರ. ಗುಳಿಗಿ ಕೊಟ್ರ ಡಾಕ್ಟರ್ ಚಲೋ ಇಲ್ಲ, ಸೂಜಿ ಹಾಕಿದ್ರ ಪರವಾಗಿಲ್ಲ, ಸಲಾಯಿನ್ ಹಚ್ಚಿದ್ರ ಭಾಳ ಶಾಣ್ಯಾ. ನಮ್ಮ ಕಾಕಾ ಒಬ್ರು ತಿಂಗಳಿಗೊಮ್ಮೆ ಸುಮ್ನ ಹೋಗಿ ಹಚ್ಚಿಸ್ಕೊಂಡು ಬರ್ತಿದ್ರು, ಶಕ್ತಿ ಬರ್ತದಂತ. ಬಾಜೂಕ ನಾಕು ಮಂಚ ಹಾಕಿರ್ತಾರ, ಒಬ್ರು ಎದ್ದ ಮ್ಯಾಲ ಇನ್ನೊಬ್ರು ಮಲಗೋದು, ಬೆಡ್‌ಶೀಟ್ ಮಾತ್ರ ಬದಲಾಗಂಗಿಲ್ಲ. ಆಪ್ ಮಾಡೋದೂ ಅದನ್ನ ಅಲ್ಲೇನ್ರಿ, ಎಸಿ ರೂಮಿನವ್ರಿಗೆ.

ಡಾ_ಮಲೆನಾಡು
ಹೌದು, ಮತ್ತೆ ಆ "ಶಕ್ತಿ" ಎಷ್ಟು ಅಂತ ಲೆಕ್ಕ ಹಾಕೋಣ. ಜನ ಗ್ಲೂಕೋಸ್ ಬಾಟ್ಲು ಅಂತಾರಲ್ಲ ಅದರಲ್ಲಿ ಶೇಕಡಾ 5 ಗ್ಲೂಕೋಸ್, ಅಂದ್ರೆ 500 ಎಂಎಲ್‌ಗೆ 25 ಗ್ರಾಂ, ಸುಮಾರು 100 ಕ್ಯಾಲರಿ. ಒಂದು ದೊಡ್ಡ ಬಾಳೆಹಣ್ಣಲ್ಲೂ ಹತ್ತಿರತ್ತಿರ ಅಷ್ಟೇ ಇರೋದು. ನಾರ್ಮಲ್ ಸಲೈನ್ ಅನ್ನೋದು ಲೀಟರ್‌ಗೆ 9 ಗ್ರಾಂ ಉಪ್ಪು ಹಾಕಿದ ಶುದ್ಧ ನೀರು. ಹಾಗಂತ ಅದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳ್ತಾ ಇಲ್ಲ. ಕಾಲರಾದಲ್ಲಿ, ಬಿಪಿ ತೀರಾ ಕುಸಿದು ಶಾಕ್ ಆದಾಗ, ಏನು ಕುಡಿದ್ರೂ ವಾಂತಿ ಆಗ್ತಿರೋರಿಗೆ, ಪ್ರಜ್ಞೆ ಇಲ್ಲದೋರಿಗೆ ಅದೇ ಜೀವ. ತೀರಾ ನೀರು ಬತ್ತಿದ ದೊಡ್ಡೋರಿಗೆ ಡಬ್ಲ್ಯೂಎಚ್‌ಒ ಹೇಳೋದು ಒಂದು ಕೆಜಿ ತೂಕಕ್ಕೆ 100 ಎಂಎಲ್ ರಿಂಗರ್ ಲ್ಯಾಕ್ಟೇಟ್ (ಲವಣಗಳಿರೋ ಒಂದು ಡ್ರಿಪ್ಸ್ ದ್ರಾವಣ), ಅದರಲ್ಲಿ 30 ಎಂಎಲ್ ಮೊದಲ ಅರ್ಧ ಗಂಟೇಲಿ, ಉಳಿದ 70 ಎಂಎಲ್ ಎರಡೂವರೆ ಗಂಟೇಲಿ. ಅರುವತ್ತು ಕೆಜಿ ಮನುಷ್ಯಂಗೆ ಆರು ಲೀಟರ್ ಆಯ್ತಲ್ಲ. ಅಂಥ ಸ್ಥಿತಿ ಇದ್ರೆ ಮನೆಗೆ ಬರೋ ಎರಡು ಬಾಟ್ಲು ಯಾವ ಮೂಲೆಗೂ ಸಾಲಲ್ಲ. ಅಂಥ ಸ್ಥಿತಿ ಇಲ್ಲ ಅಂದ್ರೆ ಬಾಯಲ್ಲಿ ಕುಡಿದ್ರೇ ಆಗುತ್ತೆ. ಇವೆರಡರ ಮಧ್ಯೆ ಆಪ್ ವ್ಯಾಪಾರ ನಡೀತಿದೆ.

ಜೆಪಿನಗರದವರೇ, ನೀವು ಹಾಕಿದ ಬಿಪಿ ನಂಗೆ ಅಷ್ಟು ಇಷ್ಟ ಆಗ್ಲಿಲ್ಲ. ಮಾಮೂಲಿ ನೋಡೋ ಡಾಕ್ಟರ್‌ಗೆ ಈಗ್ಲೇ ಫೋನ್ ಮಾಡಿ ಬಿಪಿ ಮಾತ್ರೆ ಮತ್ತೆ ಶುಗರ್ ಮಾತ್ರೆ ಹೆಸರು ಓದಿ ಹೇಳಿ. ನೀರು ಹೊರಗೆ ಹೋಗೋ ಮಾತ್ರೆ ಅಂತ ಒಂದಿರುತ್ತೆ, ಶುಗರಲ್ಲಿ ಕೊನೇಲಿ ಗ್ಲಿಫ್ಲೋಜಿನ್ ಅಂತ ಬರೋ ಗುಂಪು ಇದೆ, ಮೆಟ್‌ಫಾರ್ಮಿನ್ ಇದೆ, ವಾಂತಿ ಭೇದಿ ಇರೋ ದಿನ ಇವನ್ನ ನಿಲ್ಲಿಸ್ಬೇಕಾ ಅಂತ ಅವರನ್ನೇ ಕೇಳಿ. ಅದಕ್ಕೆ ಡ್ರಿಪ್ಸ್‌ಗಿಂತ ಜಾಸ್ತಿ ಬೆಲೆ ಇದೆ. ಫೋನಿಗೆ ಸಿಗ್ಲಿಲ್ಲ, ಇಲ್ಲ ಇನ್ನು ಮೂರು ನಾಲ್ಕು ಗಂಟೇಲಿ ಮೂತ್ರ ಬರ್ಲಿಲ್ಲ, ಮಾತು ತಡವರಿಸ್ತು, ಭೇದೀಲಿ ರಕ್ತ ಬಂತು ಅಂದ್ರೆ ಹಟ ಗಿಟ ನೋಡ್ಬೇಡಿ, 108ಕ್ಕೆ ಮಾಡಿ.

ಜೆಪಿನಗರ_ವಾಸಿ
ಡಾಕ್ಟ್ರೇ ತುಂಬಾ ಥ್ಯಾಂಕ್ಸ್. ಫೋನ್ ಮಾಡ್ತಿದೀನಿ. ಅಷ್ಟರವರೆಗೆ ಓಆರ್‌ಎಸ್ ಕೊಡ್ತೀನಿ, ಮನೇಲಿ ಟೆಟ್ರಾ ಪ್ಯಾಕ್ ಇದೆ, ಆಪಲ್ ಫ್ಲೇವರ್.

ಡಾ_ಮಲೆನಾಡು
ಅಯ್ಯೋ ಅದು ಬೇಡ. ಶುಗರ್ ಇರೋರಿಗಂತೂ ಬೇಡವೇ ಬೇಡ. ಅವು ಎಷ್ಟೋ ಜ್ಯೂಸ್‌ಗಳು, ಸಕ್ಕರೆ ಜಾಸ್ತಿ ಉಪ್ಪು ಕಮ್ಮಿ, ಭೇದಿ ಇನ್ನೂ ಹೆಚ್ಚಾಗ್ಬೋದು. ಹೈದರಾಬಾದ್‌ನ ಮಕ್ಕಳ ಡಾಕ್ಟರ್ ಒಬ್ಬರು ವರ್ಷಗಟ್ಟಲೆ ಇದಕ್ಕೇ ಹೋರಾಡಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದ ಹಾಕೋ ಹಾಗಿಲ್ಲ ಅಂತ ಆದೇಶ ಮಾಡ್ತು. ಮೆಡಿಕಲ್ ಶಾಪ್‌ಗೆ ಹೋಗಿ ಡಬ್ಲ್ಯೂಎಚ್‌ಒ ಫಾರ್ಮುಲಾ ಅಂತ ಬರೆದಿರೋ ಪುಡಿ ಪ್ಯಾಕೆಟ್ ತನ್ನಿ. ಒಂದು ಲೀಟರ್ ಪ್ಯಾಕೆಟ್ ಆದ್ರೆ ಒಂದು ಲೀಟರ್ ನೀರಿಗೇ, ಒಂದು ಲೋಟಕ್ಕೆ ಅಲ್ಲ. ಈ ತಪ್ಪು ದಿನಾ ನೋಡ್ತೀನಿ, ಗಟ್ಟಿ ಇದ್ರೆ ಬೇಗ ಕೆಲಸ ಮಾಡುತ್ತೆ ಅಂತ ಕಲಸಿ ಕೊಟ್ಬಿಡ್ತಾರೆ. ಪ್ಯಾಕೆಟ್ ಸಿಗ್ಲೇ ಇಲ್ಲ ಅಂದ್ರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಟಗಟ ಕುಡಿಸ್ಬೇಡಿ, ಒಂದೆರಡು ನಿಮಿಷಕ್ಕೆ ಒಂದು ಗುಟುಕು. ಪಂಪಿಂಗ್ ವಿಷ್ಯ ಇರೋದ್ರಿಂದ ದಿನಕ್ಕೆ ಒಟ್ಟು ಎಷ್ಟು ಅಂತ ನಿಮ್ಮ ಡಾಕ್ಟರ್ ಹೇಳ್ಲಿ.

ಬಂಟ್ವಾಳ_ಬೊಂಡ
ಬೊಂಡ, ಅಂದ್ರೆ ಎಳನೀರು, ಕೊಟ್ರೆ ಆಗುದಿಲ್ವಾ ಮಾರಾಯ್ರೇ? ನಮ್ಮಲ್ಲಿ ಎಲ್ಲದಕ್ಕೂ ಬೊಂಡ. ಮತ್ತೆ ಕುಚ್ಚಲಕ್ಕಿ ಗಂಜಿ ತಿಳಿ, ಉಪ್ಪು ಹಾಕಿ.

ಸಿಸ್ಟರ್_ನೈಟ್‌ಡ್ಯೂಟಿ
ಗಂಜಿ ತಿಳಿಗೆ ಉಪ್ಪು ಹಾಕಿ ಕೊಡಿ, ತುಂಬಾ ಒಳ್ಳೇದು. ಎಳನೀರಲ್ಲಿ ಪೊಟ್ಯಾಷಿಯಂ ಜಾಸ್ತಿ ಸೋಡಿಯಂ ಕಮ್ಮಿ, ಕಿಡ್ನಿ ವೀಕ್ ಇರೋರು ಮತ್ತೆ ಕೆಲವು ಬಿಪಿ ಹಾರ್ಟ್ ಮಾತ್ರೆ ತಗೊಳೋರು ಕೇಳ್ದೆ ಕುಡೀಬಾರ್ದು. ಬರೀ ನೀರೂ ಅಷ್ಟೇ, ವಯಸ್ಸಾದೋರು ಭೇದಿ ಆದಾಗ ಬರೀ ನೀರೇ ಕುಡೀತಾ ಹೋದ್ರೆ ಸೋಡಿಯಂ ಇಳಿದು ಏನೇನೋ ಮಾತಾಡಕ್ಕೆ ಶುರು ಮಾಡ್ತಾರೆ, ಮನೆಯೋರು ಮರೆವು ಬಂತು ಅಂದ್ಕೊಳ್ತಾರೆ.

ಡಲ್ಲಾಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಬಿಸಿನೆಸ್. ಕುಡಿದು ಹ್ಯಾಂಗೋವರ್ ಆದೋರಿಗೆ ಬಸ್ಸಲ್ಲಿ ಕೂರಿಸಿ ಡ್ರಿಪ್ಸ್ ಹಾಕೋ ಕಂಪನಿ 2012ರಲ್ಲೇ ಲಾಸ್ ವೇಗಾಸ್‌ನಲ್ಲಿ ಶುರುವಾಯ್ತು, ಒಬ್ಬ ಅನಸ್ತೇಷಿಯಾ ಡಾಕ್ಟರ್ ಮಾಡಿದ್ದು. ಈಗ ವ್ಯಾನಲ್ಲಿ ಮನೆಗೆ, ಆಫೀಸ್‌ಗೆ, ಮದುವೆ ಹಿಂದಿನ ದಿನ ಹೋಟೆಲ್ ರೂಮಿಗೆ ಎಲ್ಲಾ ಕಡೆ ಬರ್ತಾರೆ. ನಮ್ಮ ಟೀಮಲ್ಲಿ ಒಬ್ಬ ಮ್ಯಾರಥಾನ್ ಓಡಿ ಬಂದು ಹಾಕಿಸ್ಕೊಂಡ, ಇನ್ನೂರು ಡಾಲರ್ ಮೇಲಾಯ್ತು, ಇನ್ಶೂರೆನ್ಸ್ ಬರಲ್ಲ. ಹೇಗಿತ್ತು ಅಂದ್ರೆ ಕೈ ತಣ್ಣಗಾಯ್ತು ಅಂದ, ಅಷ್ಟೇ.

ಆದ್ರೆ ಇಲ್ಲಿ ಪಾಠನೂ ಆಗಿದೆ. 2018ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಟೆಕ್ಸಾಸ್ ಕಡೆಯ ಒಂದು ಐವಿ, ಅಂದ್ರೆ ಡ್ರಿಪ್ಸ್, ಕಂಪನಿ ಮೇಲೆ ಕ್ರಮ ತಗೊಂಡ್ತು, ವಿಟಮಿನ್ ಡ್ರಿಪ್ಸ್ ಕ್ಯಾನ್ಸರ್ ಗುಣ ಮಾಡುತ್ತೆ ಅಂತೆಲ್ಲಾ ಹಾಕಿದ್ರು. 2023ರ ಜುಲೈನಲ್ಲಿ ವರ್ಥಮ್ ಅನ್ನೋ ಸಣ್ಣ ಊರಿನ ಸ್ಪಾ ಒಂದರಲ್ಲಿ ಐವಿ ಹಾಕಿಸ್ಕೊಂಡ ಹೆಂಗಸು ತೀರಿಕೊಂಡ್ರು, ಜವಾಬ್ದಾರಿ ಹೊತ್ತ ಡಾಕ್ಟರ್ ಆ ಜಾಗದಲ್ಲೇ ಇರ್ಲಿಲ್ಲ. ತೀರಿಕೊಂಡ ಆ ಹೆಂಗಸಿನ ಹೆಸರಲ್ಲೇ ಟೆಕ್ಸಾಸಲ್ಲಿ ಕಾನೂನು ಬಂತು, 2025ರ ಸೆಪ್ಟೆಂಬರ್ 1ರಿಂದ ಜಾರಿ, ಯಾರು ಹಾಕ್ಬೋದು ಯಾರ ಉಸ್ತುವಾರೀಲಿ ಹಾಕ್ಬೇಕು ಅಂತ ಕಟ್ಟುನಿಟ್ಟು ಮಾಡಿದ್ರು.

ಇನ್ನೊಂದು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದು ನಾರ್ತ್ ಕೆರೊಲಿನಾದ ಬ್ಯಾಕ್ಸ್‌ಟರ್ ಫ್ಯಾಕ್ಟರಿ ಮುಳುಗಿತು ನೋಡಿ, ಈ ದೇಶದ ಐವಿ ದ್ರಾವಣದಲ್ಲಿ ಶೇಕಡಾ 60ರಷ್ಟು ಅದೊಂದೇ ಕಡೆ ಆಗ್ತಿತ್ತು. ಆಸ್ಪತ್ರೆಗಳು ಆಪರೇಷನ್ ಮುಂದೂಡಿ, ಬಾಯಲ್ಲಿ ಕುಡಿಯೋಕೆ ಆಗೋರಿಗೆ ಕುಡಿಸಿ ಅಂತ ಡಾಕ್ಟರ್‌ಗಳಿಗೆ ಸುತ್ತೋಲೆ ಕಳಿಸಿದ್ವು.

ರಾಯಚೂರ್_ಬಿಸಿಲು
ಬಾಟ್ಲಿ ತೀರಿದಾಗ ಕುಡಿಸ್ರಿ ಅಂತಾರ, ಇದ್ದಾಗ ಹಚ್ರಿ ಅಂತಾರ. ಚಲೋ ಐತಿ.

ಡಾ_ಮಲೆನಾಡು
ರಾಯಚೂರಿನವರು ತಮಾಷೆಗೆ ಹೇಳಿದ್ರೂ ಓಆರ್‌ಎಸ್ ನಾಡಿಗೆ ಬಂದಿದ್ದೇ ಹಾಗೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವ್ ಕ್ಯಾಂಪಲ್ಲಿ ತುಂಬಿದ್ರು, ಕಾಲರಾ ಹಬ್ತು, ಡಾ. ದಿಲೀಪ್ ಮಹಲನಬೀಸ್ ಅಲ್ಲಿದ್ರು. ಡ್ರಿಪ್ಸ್ ಮುಗೀತಾ ಬಂತು, ಹಾಕೋಕೆ ಕಲಿತವರೂ ಇಲ್ಲ. ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಸೇರಿಸಿ ಪ್ಯಾಕೆಟ್ ಕಟ್ಟಿ ನೀರಲ್ಲಿ ಕರಗಿಸಿ ಡ್ರಮ್ಮಲ್ಲಿ ಇಟ್ರು, ಸಂಬಂಧಿಕರೇ ಲೋಟದಲ್ಲಿ ಹಿಡಿದು ಕುಡಿಸಿದ್ರು. ನೂರಕ್ಕೆ ಮೂವತ್ತರಷ್ಟು ಇದ್ದ ಸಾವು ನಾಲ್ಕರ ಒಳಗೆ ಇಳೀತು. ಕರುಳಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಸೋಡಿಯಂನ ಜೊತೇಲೇ ಎಳ್ಕೊಂಡು ಹೋಗುತ್ತೆ, ಅದರ ಹಿಂದೆ ನೀರು ಹೋಗುತ್ತೆ, ಭೇದಿ ಆಗ್ತಿದ್ರೂ ಈ ಬಾಗಿಲು ಮುಚ್ಚಲ್ಲ, ಇಷ್ಟೇ ಗುಟ್ಟು. ಅವರು 2022ರಲ್ಲಿ ತೀರಿಕೊಂಡ್ರು, ಪದ್ಮವಿಭೂಷಣ ಬಂದಿದ್ದು 2023ರಲ್ಲಿ.

ಅಜ್ಜಿ_ಮೊಮ್ಮಗಳು
ಎಲ್ರೂ ಸೇರಿ ಮನೆ ಡ್ರಿಪ್ಸ್ ಅಂದ್ರೆ ದಂಧೆ ಅನ್ನೋ ಹಾಗೆ ಮಾತಾಡ್ತಿದೀರಾ, ಸ್ವಲ್ಪ ನಮ್ಮಂಥೋರ ಕಥೆನೂ ಕೇಳಿ. ನಮ್ಮಜ್ಜಿಗೆ 88, ಹಾಸಿಗೆ ಹಿಡಿದು ಎರಡು ವರ್ಷ. ಪ್ರತಿ ಸಲ ಜ್ವರ ಬಂದು ನೀರು ಕುಡಿಯೋದು ಬಿಟ್ಟಾಗ ಆಂಬುಲೆನ್ಸ್, ಸ್ಟ್ರೆಚರ್, ಮೂರನೇ ಫ್ಲೋರಿಂದ ಇಳಿಸೋದು, ಎಮರ್ಜೆನ್ಸೀಲಿ ಲೈಟ್ ಕೆಳಗೆ ಇಡೀ ರಾತ್ರಿ, ಅವರಿಗೆ ಅಲ್ಲಿ ಯಾರೂ ಗುರುತು ಸಿಗಲ್ಲ, ನರಕ್ಕೆ ಹಾಕಿದ ಕ್ಯಾನುಲಾ ಕಿತ್ಕೋತಾರೆ ಅಂತ ಕೈ ಕಟ್ಟಿಹಾಕ್ತಾರೆ. ಮನೆಗೆ ನರ್ಸ್ ಬಂದು ಹಾಕಿದ್ರೆ ಅಜ್ಜಿ ತಮ್ಮ ಮಂಚದಲ್ಲೇ ಇರ್ತಾರೆ, ನಾನು ಕೈ ಹಿಡ್ಕೊಂಡು ಕೂರ್ತೀನಿ. ಡಾಕ್ಟರ್ ಚೀಟಿ ಇರುತ್ತೆ, ಬರೋದು ಒಬ್ಬರೇ ಸಿಸ್ಟರ್. ಅದೂ ತಪ್ಪಾ?

ಸಿಸ್ಟರ್_ನೈಟ್‌ಡ್ಯೂಟಿ
ಇಲ್ಲಮ್ಮ, ಖಂಡಿತ ತಪ್ಪಲ್ಲ. ನಿಮ್ಮ ಮನೇಲಿ ಡಾಕ್ಟರ್ ನೋಡಿದಾರೆ, ಏನು ಎಷ್ಟು ಎಷ್ಟೊತ್ತಲ್ಲಿ ಅಂತ ಬರೆದಿದಾರೆ, ಬರೋರಿಗೆ ಅಜ್ಜಿ ಗೊತ್ತು. ನಾನು ಬೇಡ ಅಂತಿರೋದು ಫೋನಲ್ಲಿ "ಹೈಡ್ರೇಷನ್" ಅಂತ ಒತ್ತಿದ್ರೆ ಡಾಕ್ಟರ್ ಮುಖನೇ ಕಾಣ್ದೆ ಬಾಟ್ಲು ಬರುತ್ತಲ್ಲ, ಅದನ್ನ. ಕೆಲವು ಕಡೆ ವಿಡಿಯೋ ಕಾಲ್ ಮಾಡಿಸ್ತಾರೆ, ಎರಡು ನಿಮಿಷ, ಚೀಟಿ ಬಂದುಬಿಡುತ್ತೆ. ಹೊಟ್ಟೆ ಮುಟ್ಟಿ ನೋಡಿದೋರು ಯಾರೂ ಇಲ್ಲ, ಕಾಲು ಊದಿದೆಯಾ ನೋಡಿದೋರಿಲ್ಲ.

ಮನೆಗೆ ಕರೆಸೋರು ಎಲ್ರೂ ಕಣ್ಣಿಟ್ಟು ನೋಡಿ. ಬಾಟ್ಲನ್ನ ಬೆಳಕಿಗೆ ಹಿಡಿದು ಒಳಗೆ ಏನಾದ್ರೂ ತೇಲ್ತಿದೆಯಾ ನೋಡ್ಬೇಕು, ಹಿಸುಕಿ ಸೋರುತ್ತಾ ನೋಡ್ಬೇಕು, ಬ್ಯಾಚ್ ನಂಬರ್ ಫೋಟೋ ತೆಗ್ದಿಟ್ಕೊಳ್ಳಿ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೇಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದ್ರಲ್ಲ, ಆಗ ಅನುಮಾನ ಬಿದ್ದಿದ್ದು ರಿಂಗರ್ ಲ್ಯಾಕ್ಟೇಟ್ ಮೇಲೇನೇ, ಆ ಕಂಪನಿ ದ್ರಾವಣ ಬಳಸ್ಬೇಡಿ ಅಂತ ಸರ್ಕಾರ ತಡೀತು, ಡ್ರಗ್ ಕಂಟ್ರೋಲರ್ ಸಸ್ಪೆಂಡ್ ಆದ್ರು. ದೊಡ್ಡ ಆಸ್ಪತ್ರೇಲೇ ಹಾಗೆ, ಬೈಕ್ ಡಿಕ್ಕೀಲಿ ಮಧ್ಯಾಹ್ನದ ಬಿಸಿಲಲ್ಲಿ ಬಂದ ಬಾಟ್ಲು ಹೇಗಿರುತ್ತೋ.

ಇನ್ನೊಂದು ಕೆಟ್ಟ ಅಭ್ಯಾಸ ಇದೆ, ಆಸ್ಪತ್ರೆಗಳಲ್ಲೂ ಇದೆ. ಹನಿ ನಿಧಾನ ಆಯ್ತು ಅಂತ ತಲೆಕೆಳಗೆ ನೇತಾಡ್ತಿರೋ ಪ್ಲಾಸ್ಟಿಕ್ ಬಾಟ್ಲು ತಳಕ್ಕೆ ಒಂದು ಸೂಜಿ ಚುಚ್ಚಿ ಗಾಳಿ ಬಿಡೋದು. ರೂಮಿನ ಧೂಳು, ಫ್ಯಾನ್ ಗಾಳಿ ಎಲ್ಲಾ ಸೀದಾ ಒಳಗೆ. ಏರ್ ವೆಂಟ್ ಇರೋ ಸೆಟ್ ಸಿಗುತ್ತೆ, ಅದನ್ನೇ ತರೋಕೆ ಹೇಳಿ. ಜನ ಭಯ ಬೀಳೋದು ಟ್ಯೂಬಲ್ಲಿ ಒಂದು ಸಣ್ಣ ಗುಳ್ಳೆ ಕಂಡ್ರೆ, ಕಿರುಚ್ತಾರೆ. ಈ ಸೂಜಿಗೆ ಯಾರೂ ಏನೂ ಅನ್ನಲ್ಲ.

ಮದ್ದೂರ್_ವಡೆ
ನಮ್ ತಾತನ ಬಾಟ್ಲಿಗೂ ಚುಚ್ಚಿದ್ರು ಸಿಸ್ಟರ್ 😬 ಅದಕ್ಕೇ ಏನೋ ಮಾರ್ನೇ ದಿನ ಚಳಿ ಬಂತು, ನಾವು ಬೀಡಿಗೆ ಬೈದ್ವಿ.

ಐಟಿ_ಬಡಪಾಯಿ
ಹಾಗಾದ್ರೆ ಆರು ಸಾವಿರದ ವಿಟಮಿನ್ ಡ್ರಿಪ್ಸ್? ನಮ್ಮ ಆಫೀಸಲ್ಲಿ ವೆಲ್‌ನೆಸ್ ಡೇ ಅಂತ ಸ್ಟಾಲ್ ಹಾಕಿದ್ರು, ಹಳದಿ ಬಣ್ಣದ್ದು, ಹೆಚ್‌ಆರ್ ಹುಡುಗಿಯರು ಸಾಲಾಗಿ ಕೂತು ಸೆಲ್ಫಿ ತಗೋತಿದ್ರು.

ಡಾ_ಮಲೆನಾಡು
ಹಳದಿ ಬರೋದು ಬಿ ವಿಟಮಿನ್‌ನಿಂದ, ಬಿ2. ಸಂಜೆಗೆ ಅದೇ ಹಳದಿ ಬಾತ್‌ರೂಮಲ್ಲಿ ಕಾಣುತ್ತೆ, ದೇಹಕ್ಕೆ ಬೇಡದ್ದನ್ನ ಕಿಡ್ನಿ ಹೊರಗೆ ಹಾಕುತ್ತೆ. ಕೊರತೆ ಇರೋರಿಗೆ ಕೊಡೋಣ, ಬಿ12 ಇಂಜೆಕ್ಷನ್ ಎಷ್ಟೋ ಜನಕ್ಕೆ ನಾನೇ ಬರೀತೀನಿ. ಸುಮ್ಮನೆ ಕೂತಿರೋ ಆರೋಗ್ಯವಂತರ ನರಕ್ಕೆ ಸೂಜಿ ಹಾಕೋದಕ್ಕೆ ನಂಗೆ ಕಾರಣ ಹೊಳೀತಿಲ್ಲ.

ಜೆಪಿನಗರ_ವಾಸಿ
ಅಪ್‌ಡೇಟ್. ನಮ್ಮ ಏರಿಯಾದ ಹಳೇ ಡಾಕ್ಟ್ರು ಕ್ಲಿನಿಕ್ ಮುಗಿಸಿ ಮನೆಗೇ ಬಂದ್ರು. ಮಲಗಿಸಿ ಒಂದ್ಸಲ ನಿಲ್ಲಿಸಿ ಒಂದ್ಸಲ ಬಿಪಿ ನೋಡಿದ್ರು, ಕಾಲು ಒತ್ತಿ ನೋಡಿದ್ರು, ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದ್ರು. ವಾಂತಿಗೆ ನಾಲಿಗೆ ಮೇಲೆ ಕರಗೋ ಮಾತ್ರೆ ಕೊಟ್ರು, ಬಿಪಿ ಮಾತ್ರೆ ಒಂದು ಶುಗರ್ ಮಾತ್ರೆ ಒಂದು ಎರಡು ದಿನ ನಿಲ್ಲಿಸಿ ಅಂದ್ರು, ಓಆರ್‌ಎಸ್ ರಾತ್ರಿ ಒಳಗೆ ಇಷ್ಟು ಅಂತ ಬಾಟಲ್ ಮೇಲೆ ಪೆನ್ನಲ್ಲಿ ಗೆರೆ ಎಳೆದು ಹೋದ್ರು. ಅಪ್ಪ ಉಪ್ಪು ಉಪ್ಪು ಅಂತ ಮುಖ ಕಿವುಚಿಕೊಂಡು ಗೆರೆವರೆಗೂ ಕುಡಿದ್ರು. ಹತ್ತೂವರೆಗೆ ಮೂತ್ರ ಬಂತು, ಬಣ್ಣ ತಿಳಿ ಆಗಿದೆ. ಬೆಳಿಗ್ಗೆ ಸೋಡಿಯಂ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ನೋಡೋಕೆ ರಕ್ತ ಕೊಡ್ಬೇಕು. ಡ್ರಿಪ್ಸ್ ಬೇಕಾದ್ರೆ ರಿಪೋರ್ಟ್ ನೋಡಿ ಆಸ್ಪತ್ರೇಲೇ ಹಾಕ್ಸೋಣ ಅಂದಿದಾರೆ. ಅಮ್ಮಂಗೆ ಸಮಾಧಾನ ಇಲ್ಲ, ಡಾಕ್ಟ್ರು ಮನೆವರೆಗೂ ಬಂದು ಒಂದು ಬಾಟ್ಲೂ ಹಾಕ್ಲಿಲ್ಲ, ಮುನ್ನೂರು ರೂಪಾಯಿ ಬೇರೆ ತಗೊಂಡ್ರು ಅಂತ.

ರಾಯಚೂರ್_ಬಿಸಿಲು
ಅವ್ವಾರು ನಮ್ಮ ಕಾಕಾನ ಪಾರ್ಟಿ.

ಅಜ್ಜಿ_ಮೊಮ್ಮಗಳು
ಅಪ್ಪ ಹುಷಾರಾಗ್ಲಿ ಸರ್. ಸಿಸ್ಟರ್, ಇನ್ನೊಂದು ಕೇಳ್ಬೇಕಿತ್ತು, ಅಜ್ಜಿಗೆ ಈಗ ನರಾನೇ ಸಿಗ್ತಿಲ್ಲ. ಹಳದಿ ಕ್ಯಾನುಲಾನೂ ನಿಲ್ತಿಲ್ಲ, ಕೈಯೆಲ್ಲಾ ನೀಲಿಗಟ್ಟಿದೆ. ಏನ್ ಮಾಡೋದು?

ಸಿಸ್ಟರ್_ನೈಟ್‌ಡ್ಯೂಟಿ
ಹಳದಿ ಅಂದ್ರೆ 24 ನಂಬರ್, ಅದಕ್ಕಿಂತ ಸಣ್ಣದು ಹಸುಗೂಸಿಗೆ ಹಾಕೋದು. ಇನ್ನು ಚುಚ್ಚಿಸ್ಬೇಡಿ ಪಾಪ. ಅಜ್ಜಿನ ನೋಡ್ತಿರೋ ಡಾಕ್ಟರ್‌ಗೆ ಚರ್ಮದ ಕೆಳಗೆ ಕೊಡಕ್ಕಾಗುತ್ತಾ ಕೇಳಿ. ಹೊಟ್ಟೆ ಅಥವಾ ತೊಡೆ ಚರ್ಮದ ಅಡಿಗೆ ಸಣ್ಣ ಸೂಜಿ ಇಟ್ಟು ನಾರ್ಮಲ್ ಸಲೈನ್ ತುಂಬಾ ನಿಧಾನಕ್ಕೆ ಬಿಡೋದು, ರಾತ್ರಿಯಿಡೀ ಹೋಗುತ್ತೆ, ಆ ಜಾಗ ಸ್ವಲ್ಪ ಊದಿ ಆಮೇಲೆ ಇಳಿಯುತ್ತೆ. ಗುಣ ಆಗದ ಕಾಯಿಲೆಯೋರ ನೋವು ಕಮ್ಮಿ ಮಾಡೋ ಪ್ಯಾಲಿಯೇಟಿವ್ ಕೇರ್‌ನೋರು ಮಾಡ್ತಾರೆ. ನರ ಹುಡುಕೋ ಗೋಳಿಲ್ಲ, ಅಜ್ಜಿ ಕಿತ್ಕೊಂಡ್ರೂ ರಕ್ತ ಸುರಿಯಲ್ಲ. ಶಾಕಲ್ಲಿ ಇರೋರಿಗೆ, ಮೈಯೆಲ್ಲಾ ಊದಿರೋರಿಗೆ ಆಗಲ್ಲ. ಮತ್ತೆ ಬಳಸಿದ ಸೂಜಿ ಮನೆ ಕಸದ ಬುಟ್ಟಿಗೆ ಹಾಕ್ಬೇಡಿ, ಬೆಳಿಗ್ಗೆ ಕಸ ಬೇರೆ ಮಾಡೋ ಹೆಂಗಸರ ಕೈಗೆ ಚುಚ್ಚುತ್ತೆ, ಬರೋ ಸಿಸ್ಟರ್ ಗಟ್ಟಿ ಡಬ್ಬ ತಂದು ಅದರಲ್ಲೇ ವಾಪಸ್ ತಗೊಂಡು ಹೋಗ್ಬೇಕು. ತರ್ಲಿಲ್ಲ ಅಂದ್ರೆ ಕೇಳಿ, ನಾಚ್ಕೋಬೇಡಿ.

ಅಜ್ಜಿ_ಮೊಮ್ಮಗಳು
ಇದು ಯಾರೂ ಹೇಳೇ ಇರ್ಲಿಲ್ಲ. ನಾಳೆ ಡಾಕ್ಟರ್‌ನ ಕೇಳಿ ಇಲ್ಲೇ ಹಾಕ್ತೀನಿ.